ಐವಿಎಫ್ ನಿಜಕ್ಕೂ ಯಾವ ತೊಂದರೆಗೆ ಚಿಕಿತ್ಸೆ? ಬಲ್ಲವರು ಬಿಡಿಸಿ ಹೇಳಬೇಕು

ಸೌಪರ್ಣಿಕಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ, ನಮ್ಮ ಯಜಮಾನರಿಗೆ 38. ಮದುವೆಯಾಗಿ ಐದು ವರ್ಷಗಳಾದವು. ಮೊದಲ ಎರಡು ವರ್ಷ ನಾವೇ ಬೇಡವೆಂದು ಮುಂದೂಡಿದೆವು. ಅನಂತರದ ಮೂರು ವರ್ಷಗಳಿಂದ ಬೇಕೆಂದು ಕಾದರೂ ಒಮ್ಮೆಯೂ ಗರ್ಭ ನಿಂತಿಲ್ಲ. ಯಜಮಾನರು ನವಿ ಮುಂಬಯಿಯ ಉಡುಪಿ ಹೋಟೆಲೊಂದರಲ್ಲಿ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ತಿರುಗಿ ಬರುವುದು ರಾತ್ರಿ ಹತ್ತಕ್ಕೆ. ನಾನು ಫೋರ್ಟಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ.

ಕಳೆದ ತಿಂಗಳು ಒಂದು ಚಿಕಿತ್ಸಾಲಯಕ್ಕೆ ಹೋಗಿದ್ದೆವು. ಅಂಡಗಳ ದಾಸ್ತಾನನ್ನು ಅಂದಾಜಿಸುವ ಎಎಂಎಚ್ ಪರೀಕ್ಷೆಯನ್ನು ನನ್ನ ರಕ್ತದಲ್ಲಿ ಮಾಡಿದರು, 1.6 ಬಂತು. ಒಂದು ಸೋನೋಗ್ರಫಿಯೂ ಆಯಿತು. ಎರಡನೆಯ ಭೇಟಿಯಲ್ಲೇ, ಸಮಯ ಹಾಳುಮಾಡದೆ ನೇರವಾಗಿ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿಬಿಡಿ ಎಂದು ಹೇಳಿ, ಮೂರು ಬಗೆಯ ಪ್ಯಾಕೇಜುಗಳ ದರವಿದ್ದ ಬಣ್ಣದ ಹಾಳೆಯೊಂದನ್ನು ಕೈಗಿತ್ತರು. ಮದುವೆಯೂಟದ ಕಂತ್ರಾಟುದಾರರು ಕೊಡುವ ಪಟ್ಟಿಯಂತಿದ್ದ ಆ ಹಾಳೆಯಲ್ಲಿ ಎಲ್ಲವೂ ಇತ್ತು, ನಮ್ಮಲ್ಲಿರುವ ತೊಂದರೆ ಏನು ಎಂಬುದೊಂದು ಮಾತ್ರ ಇರಲಿಲ್ಲ. ಯಜಮಾನರಿಗೆ ಯಾವ ಪರೀಕ್ಷೆಯನ್ನೂ ಬರೆದುಕೊಡಲಿಲ್ಲ. ನಾವಾಗಿ ಕೇಳಲೂ ಇಲ್ಲ.

ಪುಣೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಹೋದ ವರ್ಷ ಐವಿಎಫ್ ಆಯಿತು. ಹನ್ನೊಂದು ಅಂಡಗಳು ಸಿಕ್ಕವೆಂದು ಎಲ್ಲರೂ ಸಂತೋಷಪಟ್ಟಿದ್ದರು. ಆರನೆಯ ದಿನ ಫೋನ್ ಮಾಡಿದಾಗ ಉಳಿದಿದ್ದದ್ದು ಎರಡೇ ಭ್ರೂಣ. ಅವುಗಳಲ್ಲಿ ಒಂದನ್ನು ಗರ್ಭಕೋಶಕ್ಕೆ ಸೇರಿಸಿದರೂ ಅದು ನಿಲ್ಲಲಿಲ್ಲ. ನಮ್ಮ ಅತ್ತೆ ಕುಂದಾಪುರದವರು, ಲೆಕ್ಕದಲ್ಲಿ ಬಲು ಬಿಗಿ. "ಹನ್ನೊಂದರಲ್ಲಿ ಒಂಬತ್ತು ಎಲ್ಲಿಗೆ ಹೋದವು ಮಗಾ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಐವಿಎಫ್ ಎಂದರೆ ಸಂತಾನಹೀನತೆಯನ್ನು ಗುಣಪಡಿಸುವ ಚಿಕಿತ್ಸೆಯೇ? ಅಂಡಗಳ ಸಂಖ್ಯೆ ಹಾಗೆ ಕರಗಿಹೋಗುವುದೇಕೆ? ಕಾರಣವೇ ತಿಳಿಯದೆ ಅದಕ್ಕೆ ಕೈಹಾಕುವುದು ಸರಿಯೇ?


ಹಳೆಯ ಲ್ಯಾಬಿನವ, ಪುಣೆ

ನಾನು ವೈದ್ಯನಲ್ಲ. ಮೊದಲು ಮುಂಬಯಿಯಲ್ಲಿ, ಆಮೇಲೆ ಪುಣೆಯಲ್ಲಿ, ಭ್ರೂಣಗಳನ್ನು ಬೆಳೆಸುವ ಪ್ರಯೋಗಾಲಯಗಳಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದವನು. ಔಷಧಿಯ ವಿಚಾರವನ್ನು ನಿಮ್ಮ ವೈದ್ಯರಿಗೇ ಬಿಟ್ಟು, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಐವಿಎಫ್ ಏನನ್ನೂ ಗುಣಪಡಿಸುವುದಿಲ್ಲ; ಮುಚ್ಚಿದ ದಾರಿಯನ್ನು ಬಿಟ್ಟು ಸುತ್ತುಬಳಸಿ ಹೋಗುತ್ತದೆ. ಸಹಜವಾಗಿ ನಡೆಯುವುದೇನೆಂದರೆ, ಅಂಡಾಶಯದಿಂದ ಹೊರಬಿದ್ದ ಅಂಡವನ್ನು ಗರ್ಭನಾಳದ ತುದಿ ಹಿಡಿದುಕೊಳ್ಳುತ್ತದೆ, ವೀರ್ಯಾಣು ಗರ್ಭಕೋಶವನ್ನು ದಾಟಿ ಅದೇ ನಾಳಕ್ಕೆ ಬರುತ್ತದೆ, ಅಲ್ಲಿ ಎರಡೂ ಕೂಡಿ ಹುಟ್ಟಿದ ಭ್ರೂಣವು ನಾಲ್ಕೈದು ದಿನಗಳಲ್ಲಿ ಗರ್ಭಕೋಶಕ್ಕೆ ಇಳಿಯುತ್ತದೆ. ಈ ಭೇಟಿಯನ್ನು ನಾಳದಿಂದ ಹೊರತೆಗೆದು ಗಾಜಿನ ತಟ್ಟೆಗೆ ತಂದರೆ ಅದೇ ಐವಿಎಫ್. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಎಂಬ ಮೊದಲ ಪ್ರನಾಳ ಶಿಶುವಿನ ತಾಯಿಗೆ ಇದ್ದದ್ದು ಇದೇ ತೊಂದರೆ, ಎರಡೂ ನಾಳಗಳು ಮುಚ್ಚಿದ್ದವು. ಮಗು ಹುಟ್ಟಿತು, ಆದರೆ ನಾಳಗಳು ಮುಚ್ಚಿದಂತೆಯೇ ಉಳಿದವು. ಗುಣಪಡಿಸುವುದಕ್ಕೂ ಬಳಸಿಹೋಗುವುದಕ್ಕೂ ಇರುವ ವ್ಯತ್ಯಾಸ ಅದು.

ಗಂಡಸಿನ ವೀರ್ಯಾಣುಗಳು ತೀರ ಕಡಿಮೆಯಿದ್ದಾಗ ತಟ್ಟೆಯಲ್ಲಿಟ್ಟರೂ ಅವು ಅಂಡದ ಹೊದಿಕೆಯನ್ನು ಭೇದಿಸಲಾರವು. 1992ರಲ್ಲಿ ಬ್ರಸೆಲ್ಸ್‌ನ ತಂಡವೊಂದು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಕ್ಕೆ ಸೇರಿಸುವ ಇಕ್ಸಿ ವಿಧಾನದಿಂದ ಗರ್ಭ ನಿಂತುದನ್ನು ಪ್ರಕಟಿಸಿತು. ಆ ಅಡ್ಡಿಯನ್ನೂ ಬಳಸಿಹೋಗಲು ದಾರಿಯಾಯಿತು. ಆದರೆ ಅಂಡದ ವಯಸ್ಸನ್ನು ಬಳಸಿಹೋಗಲು ಇಂದಿಗೂ ಯಾವ ಉಪಾಯವೂ ಇಲ್ಲ. ಹೆಣ್ಣು ಹುಟ್ಟುವಾಗಲೇ ಅಂಡಗಳೂ ಜೊತೆಗೆ ಬಂದಿರುತ್ತವೆ, ಆಕೆಯಷ್ಟೇ ವಯಸ್ಸಾಗುತ್ತವೆ. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಪ್ರತಿ ವರ್ಗಾವಣೆಗೆ ಮಗು ಹುಟ್ಟುವ ಸಾಧ್ಯತೆ 35ರೊಳಗಿನವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಎನ್ನುವಂತಿದ್ದರೆ, 43 ದಾಟಿದ ಮೇಲೆ ಸ್ವಂತ ಅಂಡದಿಂದ ಅದು ನೂರಕ್ಕೆ ಐದಕ್ಕಿಂತಲೂ ಕೆಳಗಿಳಿಯುತ್ತದೆ. ಚಿಕಿತ್ಸಾಲಯಗಳು ಗೋಡೆಯ ಮೇಲೆ ಬರೆಸುವ ಶೇಕಡ 70, 80 ಎಂಬ ಯಶಸ್ಸು ಯಾವುದರ ಯಶಸ್ಸು ಎಂದು ಕೇಳಿ ನೋಡಿ. ರಕ್ತಪರೀಕ್ಷೆ ಪಾಸಿಟಿವ್ ಬಂದದ್ದನ್ನೇ ಯಶಸ್ಸೆಂದು ಎಣಿಸುವವರು ಇದ್ದಾರೆ. ಮಗು ಕೈಗೆ ಬಂದವರ ಲೆಕ್ಕ ಬೇರೆ.

ಇನ್ನು ನಿಮ್ಮ ಅತ್ತೆಯವರ ಪ್ರಶ್ನೆ. ಅದು ಬಹಳ ಒಳ್ಳೆಯ ಪ್ರಶ್ನೆ. ತೆಗೆದ ಹನ್ನೊಂದು ಅಂಡಗಳಲ್ಲಿ ಪೂರ್ತಿ ಬಲಿತಿರುವವು ಎಂಟೊಂಬತ್ತು. ಬಲಿತವುಗಳಲ್ಲಿ ಫಲಿತವಾಗುವವು ಹತ್ತಕ್ಕೆ ಏಳರ ಹಾಗೆ, ಅಂದರೆ ಆರು. ಆ ಆರರಲ್ಲಿ, ಗರ್ಭಕೋಶಕ್ಕೆ ಅಂಟಿಕೊಳ್ಳಲು ಅಣಿಯಾಗುವ ಐದನೆಯ ದಿನದ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟುವವು ಅರ್ಧ, ಕೆಲವೊಮ್ಮೆ ಅದಕ್ಕೂ ಕಡಿಮೆ. ಎರಡು ಉಳಿದವೆಂದರೆ ಪ್ರಯೋಗಾಲಯದವರು ಕೈಕೆಡಿಸಿದರು ಎಂದೇನೂ ಅಲ್ಲ. ಅಂಡವು ತನ್ನ ವರ್ಣತಂತುಗಳನ್ನು ಹಂಚಿಕೊಳ್ಳುವಾಗ ತಪ್ಪುಗಳಾಗುತ್ತವೆ, ವಯಸ್ಸಾದಂತೆ ಆ ತಪ್ಪುಗಳು ಹೆಚ್ಚುತ್ತವೆ, ಅಂಥ ಭ್ರೂಣ ಮೂರು ನಾಲ್ಕು ದಿನ ಬೆಳೆದು ನಿಂತುಬಿಡುತ್ತದೆ. ಸಹಜ ಗರ್ಭಧಾರಣೆಯಲ್ಲಿಯೂ ಇಂಥ ನಷ್ಟ ಬಹಳಷ್ಟು ಆಗುತ್ತಿರುತ್ತದೆ, ಆದರೆ ಅಲ್ಲಿ ಎಣಿಸುವವರು ಯಾರೂ ಇರುವುದಿಲ್ಲ.

ವೀರ್ಯಾಣು ಸೇರಿಸಿದ ಹದಿನಾರು, ಹದಿನೆಂಟು ಗಂಟೆಗಳ ಬಳಿಕ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಡುವ ಆ ಬೆಳಗಿನ ಹೊತ್ತನ್ನು ನಾನು ಇಂದಿಗೂ ಮರೆತಿಲ್ಲ. ರವೆಯ ಕಾಳಿಗಿಂತಲೂ ಸಣ್ಣದಾದ ಆ ಅಂಡದ ನಡುವೆ ಎರಡು ಪುಟ್ಟ ವೃತ್ತಗಳು ಒಂದಕ್ಕೊಂದು ಒರಗಿಕೊಂಡಿರುತ್ತವೆ, ಪ್ರತಿಯೊಂದರೊಳಗೂ ಕೆಲವು ಚುಕ್ಕಿಗಳು. ಒಂದು ವೃತ್ತ ತಾಯಿಯದು, ಒಂದು ತಂದೆಯದು. ಎರಡಿದ್ದರೆ ಸರಿಯಾಗಿ ಫಲಿತವಾಗಿದೆ ಎಂದು ಗುರುತುಹಾಕುತ್ತೇವೆ. ಮೂರು ಕಂಡರೆ ಅದು ಎಷ್ಟೇ ಚೆನ್ನಾಗಿ ಬೆಳೆಯುತ್ತಿದ್ದರೂ ಬದಿಗಿಡಬೇಕು. ಕೆಲವೇ ಗಂಟೆಗಳಲ್ಲಿ ಆ ವೃತ್ತಗಳು ಅಳಿಸಿಹೋಗುತ್ತವೆ, ಆದ್ದರಿಂದ ಭಾನುವಾರವೆಂದೋ ಗಣಪತಿ ವಿಸರ್ಜನೆಯೆಂದೋ ತಡವಾಗಿ ಹೋಗುವಂತಿರಲಿಲ್ಲ.

ಉಳಿದ ಭ್ರೂಣಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ. ಈ ಮಾತು ಬಂದಾಗ ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯರನ್ನು ನೆನೆಯದಿರಲಾರೆ. ಲೂಯಿಸ್ ಹುಟ್ಟಿದ ಎರಡೇ ತಿಂಗಳ ಮೇಲೆ, 1978ರ ಅಕ್ಟೋಬರ್ 3ರಂದು, ಶೈತ್ಯದಲ್ಲಿಟ್ಟ ಭ್ರೂಣದಿಂದಲೇ ಅವರು ಮಗುವನ್ನು ಪಡೆದಿದ್ದರು. ಸರಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ, 1981ರಲ್ಲಿ ಅವರು ತಮ್ಮ ಜೀವವನ್ನೇ ತೆಗೆದುಕೊಂಡರು. ಮುಂದೆ ನಮ್ಮ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ. ಸಿ. ಆನಂದಕುಮಾರ್ ಅವರ ತಂಡದ ಕೈಯಲ್ಲಿ ಹರ್ಷಾ ಹುಟ್ಟಿದಾಗ, ಅವಳನ್ನೇ ದೇಶದ ಮೊದಲನೆಯ ಪ್ರನಾಳ ಶಿಶುವೆಂದು ಕರೆದರು. ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಮೊದಲಿಗರು ನಾವಲ್ಲ, ಅವರು ಎಂದು 1997ರಲ್ಲಿ ಸಾರಿದವರೂ ಆನಂದಕುಮಾರರೇ. ವಿಷಯದಿಂದ ತುಸು ಆಚೆ ಹೋದೆ, ಕ್ಷಮಿಸಿ.

ಕೊನೆಯದಾಗಿ, ಕಾರಣ ತಿಳಿಯದೆ ಮುಂದುವರಿಯಬಹುದೇ ಎಂದು ಕೇಳಿದ್ದೀರಿ. ಎಲ್ಲ ಪರೀಕ್ಷೆಗಳೂ ಮುಗಿದ ಮೇಲೂ ಕಾರಣ ಸಿಗದ ದಂಪತಿಗಳಿದ್ದಾರೆ, ಅವರಿಗೆ ಐವಿಎಫ್ ಒಂದು ನ್ಯಾಯವಾದ ದಾರಿ. ಆದರೆ ನಿಮ್ಮಲ್ಲಿ ಹುಡುಕಿಯೇ ಇಲ್ಲವಲ್ಲ. ಎಎಂಎಚ್ ಎಂಬುದು ಅಂಡಾಶಯದಲ್ಲಿ ದಾಸ್ತಾನು ಎಷ್ಟಿದೆ ಎಂಬುದರ ಅಂದಾಜು ಮಾತ್ರ. ಅಂಡದ ಗುಣವನ್ನಾಗಲಿ ನಾಳದ ಸ್ಥಿತಿಯನ್ನಾಗಲಿ ಅದು ಹೇಳಲಾರದು, ಮತ್ತು 33ರಲ್ಲಿ 1.6 ಎಂದರೆ ದಿಗಿಲುಬೀಳುವಂಥದ್ದಲ್ಲ. ನಾಳಗಳನ್ನು ನೋಡುವ ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಪರೀಕ್ಷೆ ಆಗಬೇಕು. ಹೇಗೂ ನಾಳವನ್ನು ಬಿಟ್ಟುಹೋಗುತ್ತೇವಲ್ಲ, ಅದನ್ನೇಕೆ ನೋಡಬೇಕು ಎಂದು ಕೆಲವರು ವಾದಿಸುತ್ತಾರೆ. ಆದರೆ ಮುಚ್ಚಿದ ನಾಳದಲ್ಲಿ ನೀರು ತುಂಬಿಕೊಂಡಿದ್ದರೆ ಅದು ಗರ್ಭಕೋಶಕ್ಕೆ ಸೋರಿ, ಒಳ್ಳೆಯ ಭ್ರೂಣವೂ ಅಂಟಿಕೊಳ್ಳದಂತೆ ಮಾಡುತ್ತದೆ. ಅಂಥ ನಾಳವನ್ನು ಮೊದಲು ತೆಗೆಯುವುದೋ ಕಟ್ಟುವುದೋ ವಾಡಿಕೆ. ನಮ್ಮ ದೇಶದಲ್ಲಿ ಸದ್ದಿಲ್ಲದೆ ನಾಳಗಳನ್ನು ಹಾಳುಗೆಡಹುವ ಕ್ಷಯವೂ ಇದೆ. ಎಲ್ಲಕ್ಕಿಂತ ಮೊದಲು ಯಜಮಾನರ ವೀರ್ಯ ಪರೀಕ್ಷೆ. ಅದಕ್ಕೆ ಸೂಜಿಯಿಲ್ಲ, ಅರಿವಳಿಕೆಯಿಲ್ಲ, ಖರ್ಚೂ ಹೆಚ್ಚಿಲ್ಲ. ಹಾಗಿದ್ದೂ ಎಲ್ಲರೂ ಕೊನೆಗೆ ಉಳಿಸಿಕೊಳ್ಳುವುದು ಅದನ್ನೇ.


ಠಾಣೆಯ ಅಕ್ಕ

ತಂಗಿ, ನನಗೆ ಎರಡೂ ನಾಳಗಳು ಮುಚ್ಚಿದ್ದವು. ಎಂದೋ ಬಂದುಹೋದ ಕ್ಷಯದ ಕಲೆಯದು. ಜ್ವರವಾಗಲಿ ಕೆಮ್ಮಾಗಲಿ ಬಂದ ನೆನಪೇ ನನಗಿಲ್ಲ. ಆದ್ದರಿಂದ ನನಗೆ ಐವಿಎಫ್ ಅಲ್ಲದೆ ಬೇರೆ ದಾರಿ ಇರಲಿಲ್ಲ. ಒಳಗೆ ಏನೇನಾಗುತ್ತದೆ ಎಂಬುದನ್ನು ಮೇಲಿನವರು ಬರೆದಿದ್ದಾರೆ. ಹೊರಗೆ ದಿನಗಳು ಹೇಗೆ ಕಳೆಯುತ್ತವೆ ಎಂಬುದನ್ನು ನಾನು ಬರೆಯುತ್ತೇನೆ.

ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ ಶುರುವಾಗುತ್ತದೆ, ಹತ್ತು ಹನ್ನೆರಡು ದಿನ, ಪ್ರತಿದಿನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಸಹಜವಾಗಿ ತಿಂಗಳಿಗೆ ಒಂದೇ ಅಂಡ ಬಲಿಯುತ್ತದಲ್ಲ, ಉಳಿದವೂ ಅದರ ಜೊತೆಗೇ ಬಲಿಯಲಿ ಎಂಬುದಕ್ಕಾಗಿ ಅದು. ಔಷಧಿಯನ್ನು ತಂಪಿನಲ್ಲಿಡಬೇಕಾದ್ದರಿಂದ ನಮ್ಮ ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಯ ಹಿಂದೆ ಒಂದು ಸ್ಟೀಲ್ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದೆ, ಬಂದ ನೆಂಟರ ಕಣ್ಣಿಗೆ ಬೀಳಬಾರದೆಂದು. ಪೆನ್ನಿನಂಥ ಆ ಇಂಜೆಕ್ಷನ್ನಿನ ಹಿಂಬದಿಯ ತಿರುಗಣೆಯನ್ನು ತಿರುಗಿಸಿದರೆ ಟಿಕ್ ಟಿಕ್ ಎಂದು ಸದ್ದಾಗುತ್ತಿತ್ತು. ನಮ್ಮವರು ಆ ಸದ್ದನ್ನು ಎಣಿಸಿ, ಕಿಟಕಿಯಲ್ಲಿರುವ ಅಂಕಿಯೊಡನೆ ತಾಳೆಹಾಕಿ, ಆಮೇಲೂ ಇನ್ನೊಮ್ಮೆ ನನ್ನನ್ನು ಕೇಳುತ್ತಿದ್ದರು. ನಡುವೆ ಎರಡು ಮೂರು ದಿನಗಳಿಗೊಮ್ಮೆ ಸೋನೋಗ್ರಫಿ. ಬೆಳಿಗ್ಗೆ ಏಳಕ್ಕೆ ಅದನ್ನು ಮುಗಿಸಿಕೊಂಡು, ಲೇಡೀಸ್ ಡಬ್ಬದಲ್ಲಿ ಹೊಟ್ಟೆಗೆ ಬ್ಯಾಗು ಅಡ್ಡ ಹಿಡಿದು ದಾದರಿಗೆ ಹೋಗಿ, ಹತ್ತಕ್ಕೆ ಕಚೇರಿಯಲ್ಲಿರುತ್ತಿದ್ದೆ.

ಕೊನೆಯ ಇಂಜೆಕ್ಷನ್‌ಗೆ ಟ್ರಿಗರ್ ಎನ್ನುತ್ತಾರೆ. ಅದರ ಹೊತ್ತು ಮಾತ್ರ ತಪ್ಪಕೂಡದು. ನನಗೆ ರಾತ್ರಿ ಹತ್ತೂವರೆಗೆ ಹೇಳಿದ್ದರು. ಅಲ್ಲಿಂದ ಮೂವತ್ತಾರು ಗಂಟೆಗೆ ಅಂಡ ತೆಗೆಯುವುದು. ಬೇಗ ತೆಗೆದರೆ ಬಲಿತಿರುವುದಿಲ್ಲ, ತಡವಾದರೆ ತಾವಾಗಿಯೇ ಬಿಡುಗಡೆಯಾಗಿಬಿಡುತ್ತವೆ. ಅಂಡ ತೆಗೆಯುವಾಗ ಮಂಪರು ಕೊಡುತ್ತಾರೆ, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಸಂಜೆಗೆ ಮನೆ. ನಾನು ಬೆದರಿದ್ದು ಅದಕ್ಕಲ್ಲ, ಅದರ ಮರುದಿನಕ್ಕೆ. ಹೊಟ್ಟೆ ಉಬ್ಬಿ, ಸೀರೆಯ ನೆರಿಗೆ ನಿಲ್ಲಲಿಲ್ಲ. ಎರಡು ದಿನದಲ್ಲಿ ಎರಡು ಕಿಲೋ ಏರಿದೆ, ಮೂತ್ರ ಕಡಿಮೆಯಾಯಿತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಕೂತಿದ್ದೆ. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡು ಹೊಟ್ಟೆಯಲ್ಲಿ ನೀರು ಸೇರುವ ಸ್ಥಿತಿ ಅದು, ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ತುಂಬಿರುವ ಪಿಸಿಓಎಸ್ ಎಂಬ ತೊಂದರೆ ಇದ್ದವರಿಗೆ ಹೆಚ್ಚು. ನಿಮಗೆ ಹಾಗಾದರೆ ಕಷಾಯವನ್ನು ನಂಬದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ನನ್ನ ವಿಷಯದಲ್ಲಿ ಆ ತಿಂಗಳು ವರ್ಗಾವಣೆ ಬೇಡವೆಂದು ಭ್ರೂಣಗಳನ್ನೆಲ್ಲ ಶೈತ್ಯದಲ್ಲಿಟ್ಟರು. ಆಗ ಅತ್ತಿದ್ದೆ. ಈಗ ಯೋಚಿಸಿದರೆ, ಅವರು ಮಾಡಿದ್ದೇ ಸರಿ.

ಮೊದಲ ಭ್ರೂಣ ನಿಲ್ಲಲಿಲ್ಲ. ಎರಡನೆಯದು ನಿಂತಿತು, ಅವಳಿಗೆ ಈಗ ಆರು ವರ್ಷ. ಮೊದಲ ಸಲ ಹದಿನಾಲ್ಕು ದಿನ ಹಾಸಿಗೆ ಬಿಟ್ಟೇಳದೆ, ಪಪ್ಪಾಯಿ ಇರುವ ಅಂಗಡಿಯ ಮುಂದೆಯೂ ಹಾಯದೆ ಇದ್ದೆ. ಎರಡನೆಯ ಸಲ ಮೂರನೆಯ ದಿನವೇ ಕಚೇರಿಗೆ ಹೋದೆ. ಮಲಗಿಯೇ ಇದ್ದರೆ ಭ್ರೂಣ ನಿಲ್ಲುತ್ತದೆ ಎಂಬುದು ಪರೀಕ್ಷೆಗಳಲ್ಲಿ ಎಲ್ಲಿಯೂ ಸಾಬೀತಾಗಿಲ್ಲವೆಂದು ವೈದ್ಯರೇ ಹೇಳಿದ್ದರು. ಗರ್ಭ ನಿಲ್ಲಲೆಂದು ಕೊಡುವ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಮಾತ್ರ ತಪ್ಪಿಸಬೇಡಿ. ಆ ಎರಡು ವಾರಗಳಲ್ಲಿ ಮನೆಯಲ್ಲೇ ಕಡ್ಡಿಯ ಪರೀಕ್ಷೆ ಮಾಡಿಕೊಳ್ಳಬೇಡಿ. ಟ್ರಿಗರ್ ಇಂಜೆಕ್ಷನ್ನಿನ ಹಾರ್ಮೋನೇ ರಕ್ತದಲ್ಲಿ ಉಳಿದಿದ್ದು ಸುಳ್ಳು ಗೆರೆ ತೋರಿಸಿದ ಗೆಳತಿಯರಿದ್ದಾರೆ.


ಮಾಂಡವಿ ತೀರ, ಪಣಜಿ

ಹಣದ ಮತ್ತು ಕಾನೂನಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಸೇರಿಸುತ್ತೇನೆ. ಪ್ಯಾಕೇಜಿನ ದರದಲ್ಲಿ ಇಂಜೆಕ್ಷನ್‌ಗಳ ಬೆಲೆ ಸೇರಿದೆಯೇ, ಭ್ರೂಣವನ್ನು ಶೈತ್ಯದಲ್ಲಿಡುವ ವಾರ್ಷಿಕ ಶುಲ್ಕ ಸೇರಿದೆಯೇ, ಶೈತ್ಯದಲ್ಲಿಟ್ಟದ್ದನ್ನು ಮುಂದೆ ವರ್ಗಾಯಿಸುವ ಖರ್ಚು ಬೇರೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಾಳೆಯಲ್ಲಿ ಕಂಡ ಮೊತ್ತಕ್ಕೂ ಕೊನೆಗೆ ಕಟ್ಟುವ ಮೊತ್ತಕ್ಕೂ ವ್ಯತ್ಯಾಸ ಬೀಳುವುದು ಅಲ್ಲಿಯೇ. ಬಹುಪಾಲು ಆರೋಗ್ಯ ವಿಮೆಗಳು ಸಂತಾನಹೀನತೆಯ ಚಿಕಿತ್ಸೆಯನ್ನು ಹೊರಗಿಡುತ್ತವೆ, ಆದರೂ ನಿಮ್ಮ ಕಚೇರಿಯ ಗುಂಪು ವಿಮೆಯ ಷರತ್ತುಗಳನ್ನು ಒಮ್ಮೆ ಓದಿನೋಡಿ. ನಮ್ಮಲ್ಲಿ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಉಚಿತ ಐವಿಎಫ್ ಆರಂಭವಾದ ಮೇಲೆ, ಇಲ್ಲಿನ ಕನ್ನಡಿಗರಲ್ಲಿ ಈ ವಿಚಾರವನ್ನು ಬಾಯಿಬಿಟ್ಟು ಮಾತಾಡುವವರು ಹೆಚ್ಚಾಗಿದ್ದಾರೆ.

ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯಿದೆ 2021ರಲ್ಲಿ ಬಂದು 2022ರ ಜನವರಿಯಿಂದ ಜಾರಿಯಲ್ಲಿದೆ. ಚಿಕಿತ್ಸಾಲಯಕ್ಕೆ ನೋಂದಣಿ ಇರಲೇಬೇಕು. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಇಬ್ಬರ ಲಿಖಿತ ಒಪ್ಪಿಗೆಯೂ ಬೇಕು, ಮತ್ತು ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಕ್ಷಣದವರೆಗೂ ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ನಿಮಗಿದೆ. ಗಂಡು ಮಗುವೇ ಆಗುವಂತೆ ಮಾಡಿಕೊಡುತ್ತೇವೆ ಎಂದು ಯಾರಾದರೂ ಪಿಸುಗುಟ್ಟಿದರೆ ಅದು ಅಪರಾಧ, ಅಲ್ಲಿಂದ ಎದ್ದುಬನ್ನಿ.


ಮುಲುಂಡಿನವ

ಈ ಮಾತು ಸೌಪರ್ಣಿಕಾ ಅವರ ಯಜಮಾನರಿಗೆ. ದಯವಿಟ್ಟು ಅವರಿಗೆ ಓದಿಸಿ.

ಅಣ್ಣಾ, ನಾನು ಎರಡು ವರ್ಷ ಪರೀಕ್ಷೆಗೆ ಹೋಗಲಿಲ್ಲ. ಆ ಎರಡು ವರ್ಷಗಳಲ್ಲಿ ಹೆಂಡತಿಗೆ ನಾಲ್ಕು ಬಗೆಯ ಮಾತ್ರೆ, ಒಂದು ಲ್ಯಾಪರೊಸ್ಕೋಪಿ, ಎರಡು ಹರಕೆ ಆದವು. ಕೊನೆಗೆ ನನ್ನ ವರದಿ ಬಂದಾಗ ಒಂದು ಮಿಲಿಲೀಟರಿನಲ್ಲಿ ಅರುವತ್ತು ಲಕ್ಷ. ಅರುವತ್ತು ಲಕ್ಷವೆಂದರೆ ಧಾರಾಳವಾಯಿತಲ್ಲ ಎಂದುಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿಯೇ 1.6 ಕೋಟಿ. ಅದೇ ವರದಿಯಲ್ಲಿ ಶೇಕಡ 95 ವೀರ್ಯಾಣುಗಳ ಆಕಾರ ಸರಿಯಿಲ್ಲ ಎಂದಿದ್ದುದನ್ನು ನೋಡಿ ಕುಸಿದುಹೋದೆ, ಆದರೆ ಅದು ಗಾಬರಿಯಾಗುವ ವಿಷಯವೇ ಅಲ್ಲವಂತೆ, ಶೇಕಡ 4 ಸರಿಯಿದ್ದರೂ ಸಾಮಾನ್ಯವೇ. ವರದಿಯನ್ನು ಒಬ್ಬರೇ ಕೂತು ಓದಬೇಡಿ ಎನ್ನುವುದು ಅದಕ್ಕೇ.

ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಆದ್ದರಿಂದ ಒಂದು ವರದಿಯ ಮೇಲೆ ತೀರ್ಮಾನಿಸದೆ ಕೆಲವು ವಾರಗಳ ಬಳಿಕ ಇನ್ನೊಮ್ಮೆ ಮಾಡಿಸುತ್ತಾರೆ. ನೀವು ದಿನಕ್ಕೆ ಹದಿನಾಲ್ಕು ಗಂಟೆ ಒಲೆಯ ಬಿಸಿಯಲ್ಲಿ ನಿಲ್ಲುವವರು. ಅದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ವೃಷಣಗಳಿಗೆ ಬಿಸಿ ಒಗ್ಗುವುದಿಲ್ಲ, ಆದ್ದರಿಂದ ನಿಮ್ಮ ಕೆಲಸ ಎಂಥದ್ದೆಂದು ವೈದ್ಯರಿಗೆ ತಪ್ಪದೆ ಹೇಳಿ. ಗುಟ್ಕಾ ಇದ್ದರೆ ಅದನ್ನೂ ಹೇಳಿ. ಮಾದರಿ ಕೊಡುವ ಕೋಣೆಯ ಹೊರಗೆ ಕೂತು ಹೆಸರು ಕರೆಯುವುದನ್ನು ಕಾಯುವ ಆ ಹತ್ತು ನಿಮಿಷದ ಮುಜುಗರ ನಿಜ. ಹೆಂಡತಿಯ ಹೊಟ್ಟೆಯ ಮೇಲಿನ ನೀಲಿ ಕಲೆಗಳನ್ನು ಆಮೇಲೆ ನೋಡಿದಾಗ ಆದ ನಾಚಿಕೆ ಅದಕ್ಕಿಂತ ದೊಡ್ಡದಿತ್ತು.


ಸೌಪರ್ಣಿಕಾ, ಡೊಂಬಿವಲಿ

ಉತ್ತರ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಬರೆಯಬೇಕೆಂದಿತ್ತು.

ಬೇರೊಬ್ಬ ವೈದ್ಯೆಯ ಬಳಿ ಹೋದೆವು. ಎಚ್‌ಎಸ್‌ಜಿ ಮಾಡಿಸಿದೆ, ಮುಟ್ಟಿನ ನೋವನ್ನು ಮೂರು ಪಟ್ಟು ಮಾಡಿದಂತೆ ಐದು ನಿಮಿಷ ನೋವಾಯಿತು, ಆದರೆ ಪರದೆಯ ಮೇಲೆ ಎರಡೂ ಬದಿಯಿಂದ ಬಿಳಿಯ ದ್ರವ ಹೊಗೆಯಂತೆ ಹೊರಚೆಲ್ಲಿದ್ದನ್ನು ನಾನೇ ಕಂಡೆ. ನಾಳಗಳು ತೆರೆದಿವೆ. ಯಜಮಾನರು ಮುಲುಂಡಿನವರ ಮಾತನ್ನು ರಾತ್ರಿ ಎರಡು ಸಲ ಓದಿ, ಏನೂ ಹೇಳದೆ ಮಲಗಿದರು. ಮರುವಾರದ ರಜೆಯ ದಿನ ತಾವಾಗಿಯೇ ಪರೀಕ್ಷೆಗೆ ಹೋಗಿಬಂದರು. ವರದಿಯಲ್ಲಿ ಸಂಖ್ಯೆ ತೊಂಬತ್ತು ಲಕ್ಷ, ಚಲನೆಯೂ ಕಡಿಮೆ. ಈಗಲೇ ಐವಿಎಫ್ ಬೇಕೋ ಬೇಡವೋ ಎಂಬುದನ್ನು ಎರಡನೆಯ ವರದಿ ಬಂದ ಮೇಲೆ ನೋಡೋಣ, ಅದರಲ್ಲಿಯೂ ಹೀಗೇ ಇದ್ದರೆ ನಿಮಗೆ ಬೇಕಾಗುವುದು ಇಕ್ಸಿ, ಅಷ್ಟರಲ್ಲಿ ವೃಷಣದ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಎಂದು ವೈದ್ಯೆ ಹೇಳಿದ್ದಾರೆ. ಯಾವ ದಾರಿಯನ್ನು ಯಾಕೆ ಹಿಡಿಯುತ್ತಿದ್ದೇವೆ ಎಂಬುದು ಈಗ ನಮಗೆ ಗೊತ್ತಿದೆ.

ಅತ್ತೆಯವರಿಗೆ ಹನ್ನೊಂದರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ಅದನ್ನೇ ನೋಡಿ, "ಹಾಗಾದರೆ ಆ ಹುಡುಗಿಯದ್ದೇನೂ ತಪ್ಪಿಲ್ಲ" ಎಂದರು. ಮಗನ ವರದಿಯ ಬಗ್ಗೆ ಇನ್ನೂ ಒಂದು ಮಾತೂ ಆಡಿಲ್ಲ, ಆದರೆ ನಿನ್ನೆ ಹೋಟೆಲಿನ ಮಾಲೀಕರಿಗೆ ಅವರೇ ಫೋನ್ ಮಾಡಿ, ಅವನನ್ನು ಎರಡು ತಿಂಗಳ ಮಟ್ಟಿಗೆ ಒಲೆಯ ಬದಲು ಕೌಂಟರಿನಲ್ಲಿ ಕೂರಿಸಲಾದೀತೇ ಎಂದು ಕೇಳಿದರಂತೆ.